ದೋವಿಲ್‌ನಲ್ಲಿ ಕುಮಟೆಯ ಗಂಟೆ

ಮಳೆಗಾಲ ಮುಗಿದ ಮೇಲೆ ಬೂಷ್ಟು ಹಿಡಿದ ಚಪ್ಪಲಿ, ಬೂಟು, ಚೀಲಗಳನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಹಾಕುವುದು ನಮ್ಮ ಮನೆಯಲ್ಲಿ ಒಂದು ದೊಡ್ಡ ಕೆಲಸ. ಮೊನ್ನೆ ಹಾಗೆ ಹಾಕುವಾಗ ನನ್ನ ಬಿಳಿ ಕ್ಯಾನ್ವಾಸ್ ಬೂಟನ್ನು ಬೋರಲು ಮಾಡಿದೆ, ಒಂದು ಚಮಚೆಯಷ್ಟು ಮರಳು ಬಿತ್ತು. ಪೇಪರು ಓದುತ್ತಿದ್ದ ನನ್ನ ಗಂಡ ತಲೆಯೆತ್ತಿ, ಕುಮಟೆಯಲ್ಲಿ ಇದ್ದುಕೊಂಡು ಬೂಟಿನಲ್ಲಿ ಮರಳು ಸಿಕ್ಕಿದರೆ ಅದೇನು ದೊಡ್ಡ ಸುದ್ದಿಯೇ ಎಂದು ಕೇಳಿದರು. ಸುದ್ದಿಯೇ ಹೌದು. ಆ ಬೂಟನ್ನು ನಾನು ಹಾಕಿದ್ದು ಒಂದೇ ಒಂದು ವಾರ, ಅದೂ ಫ್ರಾನ್ಸಿನಲ್ಲಿ. ಮರಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ನಮ್ಮ ಮರಳಿಗಿಂತ ಬೇರೆಯಾಗಿದೆ ಅನ್ನಿಸಿತು, ಮತ್ತೆ ನೋಡಿದರೆ ಅದೇ ಇದು ಅನ್ನಿಸಿತು. ಆ ವಾರವಿಡೀ ನನ್ನ ಸ್ಥಿತಿ ಹೀಗೆಯೇ ಇತ್ತು ನೋಡಿ, ಯಾವುದು ಹೌದು ಯಾವುದು ಅಲ್ಲ ಎಂದು ತಿಳಿಯದೆ ಹೋದವಳು ತಿಳಿಯದೆಯೇ ಬಂದೆ.

ನಾನು ಫ್ರಾನ್ಸಿಗೆ ಹೋಗಿದ್ದೆ ಎಂದರೆ ಜನ ಈಗಲೂ ನನ್ನ ಮುಖವನ್ನು ಎರಡೆರಡು ಸಲ ನೋಡುತ್ತಾರೆ. ತಪ್ಪಿಲ್ಲ. ಕುಮಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಹೆಂಗಸು ನಾನು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಪಿಂಚಣಿ ಶುರುವಾದರೂ ಆ ಹೆಸರು ಬಿಡುವುದಿಲ್ಲ, ಮೀನುಪೇಟೆಯಲ್ಲಿ ಚೌಕಾಸಿ ಮಾಡುವಾಗಲೂ ನಾನು ಅಕ್ಕೋರೇ. ಅಂಥ ನನ್ನನ್ನು ಯಾರೂ ಫ್ರಾನ್ಸಿಗೆ ಕರೆದಿರಲಿಲ್ಲ. ಕರೆದದ್ದು ಮಾದೇವಕ್ಕನನ್ನು. ನಾನು ಅವಳ ಹಿಂದೆ ಚೀಲ ಹಿಡಿದು ಹೋದವಳು.

ಮಾದೇವಕ್ಕ ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಬಳಚು ತಂದುಕೊಡುವ ಹೆಂಗಸು. ಬಳಚು ಅಂದರೆ ಚಿಪ್ಪಿ. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ಇಳಿತದ ಹೊತ್ತಿಗೆ ಮರಳಿನ ದಿಣ್ಣೆಗಳು ಮೇಲೇಳುತ್ತವೆ. ಅವಳ ಕೇರಿಯ ಮೂವತ್ತು ಹೆಂಗಸರು ಅಲ್ಲಿಗೆ ಹೋಗಿ, ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಬಳಚು ತೆಗೆಯುತ್ತಾರೆ. ಯಾವ ದಿನ ಎಷ್ಟು ಹೊತ್ತಿಗೆ ಇಳಿಯಬೇಕು, ಎಷ್ಟು ಹೊತ್ತಿಗೆ ಹತ್ತಬೇಕು ಎಂದು ಹೇಳುವವಳು ಮಾದೇವಕ್ಕ. ತಿಥಿ ಹಿಡಿದು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಾಳೆ. ಅದನ್ನು ಕಲಿಸಿದ್ದು ಅವಳ ಅತ್ತೆ. ಅತ್ತೆಯ ತಂಗಿಯನ್ನು ಒಂದು ಅಮಾವಾಸ್ಯೆಯ ಭರತ, ಅಂದರೆ ಏರುನೀರು, ದಿಣ್ಣೆಯ ಮೇಲಿಂದಲೇ ಕೊಂಡುಹೋಗಿತ್ತಂತೆ. ಆಮೇಲೆ ಆ ಮನೆಯಲ್ಲಿ ಲೆಕ್ಕ ಕಲಿಯದೆ ಯಾರೂ ನೀರಿಗೆ ಇಳಿದದ್ದಿಲ್ಲ, ಮಾದೇವಕ್ಕನ ಲೆಕ್ಕದಲ್ಲಿ ಯಾರೂ ಮುಳುಗಿದ್ದೂ ಇಲ್ಲ.

ಬೆಂಗಳೂರಿನ ಶ್ರುತಿ ಎಂಬ ಹುಡುಗಿ ಮೂರು ವರ್ಷ ನಮ್ಮ ಹೊಳೆಗೆ ಬಂದು ಬಳಚಿನ ಉದ್ದಗಲ ಅಳೆಯುತ್ತಿದ್ದಳು. ಅಳೆದದ್ದಕ್ಕಿಂತ ಹೆಚ್ಚಾಗಿ ಮಾದೇವಕ್ಕನ ಮಾತು ಬರೆದುಕೊಂಡಳು. ಬೇರೆ ಬೇರೆ ದೇಶಗಳ ಚಿಪ್ಪಿ ಹೆಕ್ಕುವ ಹೆಂಗಸರನ್ನು ಫ್ರಾನ್ಸಿನ ಕಡಲೂರೊಂದರಲ್ಲಿ ಸೇರಿಸುತ್ತಾರೆಂದು ಗೊತ್ತಾದಾಗ ಇವಳ ಹೆಸರು ಕಳಿಸಿದವಳೂ ಅವಳೇ. ಜೊತೆಗೆ ತಾನೇ ಹೋಗುವವಳಿದ್ದಳು. ಆದರೆ ಸಭೆಯ ವಾರವೂ ಅವಳ ಹೆರಿಗೆಯ ವಾರವೂ ಒಂದೇ ಆಯಿತು. ಮಾದೇವಕ್ಕನಿಗೆ ಕನ್ನಡ, ಕೊಂಕಣಿ ಬಿಟ್ಟರೆ ಬೇರೆ ಬಾರದು. ಹಾಗಾಗಿ ಅಕ್ಕೋರು ಬರಲಿ ಎಂದಾಯಿತು. ನನಗೆ ಫ್ರೆಂಚ್ ಬರುವುದಿಲ್ಲವಲ್ಲ ಎಂದೆ. ಅಲ್ಲಿ ಇಂಗ್ಲಿಷನ್ನು ಫ್ರೆಂಚ್ ಮಾಡಲು ಕ್ಲೇರ್ ಎಂಬ ಹೆಂಗಸು ಇದ್ದಾಳೆ, ನೀವು ಕನ್ನಡವನ್ನು ಇಂಗ್ಲಿಷ್ ಮಾಡಿದರೆ ಸಾಕು ಎಂದಳು ಶ್ರುತಿ. ಹೀಗಾಗಿ ಮಾದೇವಕ್ಕ ನಕ್ಕರೆ ಸಭೆ ನಗುವುದಕ್ಕೆ ಎರಡು ನಿಮಿಷ ಹಿಡಿಯುತ್ತಿತ್ತು.

ಹೊರಡುವ ಮೊದಲು ಚಳಿಯ ಹೆದರಿಕೆಯಿಂದ ಭಟ್ಕಳಕ್ಕೆ ಹೋಗಿ ಎರಡು ಕೋಟು ತಂದೆವು. ಫಾರಿನ್ ಸಾಮಾನಿಗೆ ಭಟ್ಕಳ ಬಿಟ್ಟರೆ ನಮಗೆ ಬೇರೆ ಊರು ಗೊತ್ತಿಲ್ಲ. ಅಂಗಡಿಯವರು ಅಲ್ಲೇ ಪಕ್ಕದ ಜಾಲಿ ಎಂಬ ಊರಿನವರು, ದುಬೈಯಲ್ಲಿ ಬಹಳ ವರ್ಷ ಇದ್ದು ಬಂದ ಸಾಹೇಬರು. ಫ್ರಾನ್ಸ್ ಹೇಗಿರುತ್ತದೆ ಎಂದು ಕೇಳಿದರೆ ದುಬೈ ಹೇಗಿದೆ ಎಂದು ಅರ್ಧ ತಾಸು ಹೇಳಿದರು. ಕೊನೆಗೆ ಸಮಂದರ್ ಎಲ್ಲ ಕಡೆ ಒಂದೇ, ಹವಾ ಮಾತ್ರ ಬೇರೆ ಎಂದು ಸಮಾಧಾನ ಮಾಡಿ, ಮೊಣಕಾಲು ಮುಚ್ಚುವ ಕೋಟು ಕೊಟ್ಟು ಕಳಿಸಿದರು. ಅಲ್ಲಿ ಹೋಗಿ ನೋಡಿದರೆ ಬೇಸಿಗೆ. ಊರಿಗೆ ಊರೇ ಅರ್ಧಂಬರ್ಧ ಬಟ್ಟೆಯಲ್ಲಿ ಓಡಾಡುತ್ತಿರುವಾಗ ನಾವಿಬ್ಬರು ಕೋಟು ತೊಟ್ಟು ಬೆವರುತ್ತ ಇಳಿದೆವು.

ಊರಿನ ಹೆಸರು ದೋವಿಲ್. ಅಂಥ ಚೆಂದದ ಊರನ್ನು ನಾನು ನೋಡಿಲ್ಲ, ಅಷ್ಟು ಗೊಂದಲಕ್ಕೂ ಎಲ್ಲೂ ಬಿದ್ದಿಲ್ಲ. ಮನೆಗಳೆಲ್ಲ ಮದುವೆಮನೆಯ ಹಾಗೆ ಸಿಂಗರಿಸಿಕೊಂಡು ನಿಂತಿದ್ದವು. ಕಿಟಕಿ ಕಿಟಕಿಗೂ ಹೂವಿನ ಕುಂಡ. ಸಮುದ್ರದ ಉದ್ದಕ್ಕೂ ಮರದ ಹಲಗೆ ಜೋಡಿಸಿ ಹಾದಿ ಮಾಡಿದ್ದಾರೆ, ಸಮುದ್ರಕ್ಕೆ ಬಂದವರ ಕಾಲಿಗೆ ಮರಳು ತಾಗಬಾರದೆಂದು. ಕಾಲಿಗೆ ಮರಳು ತಾಗಬಾರದವರು ಸಮುದ್ರಕ್ಕೆ ಏಕೆ ಬರಬೇಕು ಎಂದು ನನಗೆ ಹೊಳೆಯಲಿಲ್ಲ. ಹಾದಿಯ ಪಕ್ಕಕ್ಕೆ ಬಟ್ಟೆ ಬದಲಿಸುವ ಪುಟ್ಟ ಕೋಣೆಗಳು, ಒಂದೊಂದರ ಮುಂದೆ ಒಬ್ಬೊಬ್ಬ ಸಿನಿಮಾ ನಟನ ಹೆಸರು. ಬಣ್ಣ ಬಣ್ಣದ ದೊಡ್ಡ ಕೊಡೆಗಳು, ಅವುಗಳ ಪಕ್ಕದಲ್ಲಿ, ನೆರಳು ಬಿಟ್ಟು ಬಿಸಿಲಿನಲ್ಲಿ, ಸಾಲು ಸಾಲಾಗಿ ಮಲಗಿದ ಜನ.

ಮಾದೇವಕ್ಕ ಆ ಸಾಲನ್ನು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದಳು. "ಎಂತಕ್ಕೆ ಮನಗಿದ್ರು ಅಕ್ಕೋರೆ, ಆರಾಮಿಲ್ವ?"

ಅವಳನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ನಾನು ಹುಟ್ಟಿದ್ದು ಹೊನ್ನಾವರದಲ್ಲಿ. ಸಮುದ್ರ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ನಮ್ಮ ಮನೆಯ ಒಂದೇ ಒಂದು ಕಿಟಕಿಯೂ ಅತ್ತ ಇರಲಿಲ್ಲ. ಮಳೆಗಾಲದ ಗಾಳಿ ಅಲ್ಲಿಂದಲೇ ಬರುವುದಲ್ಲವೇ? ನಮ್ಮ ಅಪ್ಪನ ಪ್ರಕಾರ ಸಮುದ್ರದ ಕಡೆ ಕಿಟಕಿ ಇಡುವವನು ಹೆಂಚಿನ ಅಂಗಡಿಯವನ ನೆಂಟ. ದಂಡೆ ಇದ್ದದ್ದು ದೋಣಿ ಎಳೆಯುವುದಕ್ಕೆ, ಮೀನು ಒಣಗಿಸುವುದಕ್ಕೆ, ಮತ್ತು ಬೆಳಗಿನ ಜಾವ ಊರ ಗಂಡಸರು ಚೊಂಬು ಹಿಡಿದು ಹೋಗುವುದಕ್ಕೆ. ಶಾಲೆಯಿಂದ ಅಪ್ಸರಕೊಂಡಕ್ಕೆ ಪಿಕ್ನಿಕ್ ಹೋದರೂ ಜಲಪಾತ ನೋಡಿ, ಅವಲಕ್ಕಿ ತಿಂದು, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು ಅಂತ್ಯಾಕ್ಷರಿ ಹಾಡಿ ಬಂದವರು ನಾವು. ಸಮುದ್ರವನ್ನು ಎದುರಿಗೆ ಕೂತು ನೋಡುವುದು ಕೆಲಸವಿಲ್ಲದವರ ಲಕ್ಷಣ ಎಂದು ನಂಬಿ ಬೆಳೆದವಳಿಗೆ, ನೋಡುವುದಕ್ಕೆಂದೇ ಒಂದು ಊರು ಕಟ್ಟಿಕೊಂಡವರ ಮಧ್ಯೆ ಎಲ್ಲಿ ಕಣ್ಣಿಡಬೇಕೆಂದೇ ತಿಳಿಯಲಿಲ್ಲ.

ಮೊದಲ ದಿನ ಊಟಕ್ಕೆ ನೀಲಿಕಲ್ಲು ತಂದಿಟ್ಟರು. ನಮ್ಮಲ್ಲಿ ಬಂಡೆಗೆ ಕಚ್ಚಿಕೊಂಡಿರುವ ಕಪ್ಪು ಚಿಪ್ಪಿಯೇ, ಆದರೆ ಕೊಡದಷ್ಟು ದೊಡ್ಡ ಪಾತ್ರೆಯಲ್ಲಿ. ಮೇಜಿನ ಮೇಲೆ ಮೂರು ತರದ ಚಮಚೆ, ಮುಳ್ಳುಚಮಚೆ. ನಾನು ಮುಳ್ಳು ಹಿಡಿದು ಹೋರಾಡುತ್ತಿದ್ದಾಗ ಮಾದೇವಕ್ಕ ಒಂದು ಖಾಲಿ ಚಿಪ್ಪನ್ನೇ ಚಿಮಟದ ಹಾಗೆ ಹಿಡಿದು ಉಳಿದವುಗಳ ಮಾಂಸ ತೆಗೆದು ತಿನ್ನತೊಡಗಿದಳು. ನಾಚಿಕೆಯಿಂದ ಸುತ್ತ ನೋಡಿದರೆ ಎದುರಿನ ಮೇಜಿನ ಮುತ್ತಿನ ಸರದ ಹೆಂಗಸರೂ ಹಾಗೆಯೇ ತಿನ್ನುತ್ತಿದ್ದರು. ತಪ್ಪು ಮಾಡುತ್ತಿದ್ದವಳು ನಾನೊಬ್ಬಳೇ.

ಇಷ್ಟರ ಮೇಲೆ ಆ ಊರಿನ ಸೂರ್ಯ. ನಾವು ಬಂದ ದಿನ ರಾತ್ರಿ ಹತ್ತು ಗಂಟೆಗೆ ಅಂಗಳದಲ್ಲಿ ಹಪ್ಪಳ ಒಣಗಿಸಬಹುದು ಎನ್ನುವಂತಿತ್ತು. ಬೆಳಕು ನೋಡಿ ಹೊತ್ತು ಹೇಳುವ ಮಾದೇವಕ್ಕ ಆ ಪ್ರಯತ್ನವನ್ನೇ ಬಿಟ್ಟು, ಮಾತುಮಾತಿಗೆ ನನ್ನನ್ನು ಗಂಟೆ ಕೇಳತೊಡಗಿದಳು. ನಾನು ಕೈಗಡಿಯಾರ ನೋಡಿ ಹೇಳುತ್ತಿದ್ದೆ. ಇಲ್ಲೊಂದು ವಿಷಯ ನಿಮಗೆ ಹೇಳಬೇಕು. ನನ್ನ ಗಂಡನಿಗೆ ರಕ್ತದೊತ್ತಡದ ಮಾತ್ರೆ ನುಂಗಲು ನೆನಪಿರುವುದಿಲ್ಲ. ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ಗೊತ್ತಿರಲಿ ಎಂದು ನಾನು ಗಡಿಯಾರದ ಮುಳ್ಳನ್ನು ತಿರುಗಿಸಿರಲಿಲ್ಲ. ಚೀಲದೊಳಗಿನ ಮೊಬೈಲು ತಾನಾಗಿಯೇ ಫ್ರಾನ್ಸಿನ ಗಂಟೆ ತೋರಿಸುತ್ತಿತ್ತು, ನನ್ನ ಮಣಿಕಟ್ಟು ಮಾತ್ರ ಕುಮಟೆಯಲ್ಲೇ ಇತ್ತು. ಇದನ್ನು ನಾನು ಬೇಕೆಂದೇ ಮಾಡಿದ್ದೆ, ಮಾಡಿದ್ದನ್ನು ಅಷ್ಟೇ ಚೆನ್ನಾಗಿ ಮರೆತೂ ಬಿಟ್ಟಿದ್ದೆ.

ಎರಡನೆಯ ದಿನ ಸಭೆ ಶುರುವಾಯಿತು. ಪರದೆ ಎಳೆದ ಕತ್ತಲೆಯ ಹಾಲು, ನಲವತ್ತು ಜನ. ಅವತ್ತು ಬರೀ ಪರಿಚಯ, ಮಾದೇವಕ್ಕನ ಭಾಷಣ ಮರುದಿನ. ಕ್ಲೇರ್ ಎಲ್ಲರಿಗೂ ನಮ್ಮನ್ನು ತೋರಿಸಿ, ಈ ಹೆಂಗಸು ಚಂದ್ರನ ಲೆಕ್ಕದಿಂದಲೇ ಉಬ್ಬರ ಇಳಿತ ಹೇಳುತ್ತಾಳೆ ಎಂದಳು. ಮುಂದಿನ ಸಾಲಿನಲ್ಲಿ ಮಾರ್ಸೆಲ್ ಎಂಬ ಅಜ್ಜ ಕೂತಿದ್ದರು, ಅದೇ ದಂಡೆಯಲ್ಲಿ ಅರವತ್ತು ವರ್ಷ ಚಿಪ್ಪಿ ಹೆಕ್ಕಿದವರು. ಅವರ ಜೇಬಿನಲ್ಲಿ ಅಂಗೈಯಗಲದ ಪುಸ್ತಕ, ವರ್ಷದ ಪ್ರತಿ ದಿನದ ಇಳಿತದ ಗಂಟೆ ಅದರಲ್ಲಿದೆ. ಅವರು ಪುಸ್ತಕವನ್ನು ಮುಚ್ಚಿ ಹಿಡಿದು, ಇವತ್ತು ನೀರು ಯಾವಾಗ ಇಳಿಯುತ್ತದೆ ಎಂದು ನಗುತ್ತ ಕೇಳಿದರು.

ಮಾದೇವಕ್ಕ ಗೆಣ್ಣು ಎಣಿಸಿದಳು. "ನಿನ್ನೆ ಹುಣ್ವೆ, ಇವತ್ತು ಪಾಡ್ಯ. ಪಾಡ್ಯಕ್ಕೆ ಸಂಜೆ ಆರೂವರೆಗೆ ನೀರು ತಳಕ್ಕೆ ಹೋಗ್ತದೆ. ಈಗ ಗಂಟೆ ಎಷ್ಟಾತು ಅಕ್ಕೋರೆ?"

ನಾನು ಕೈ ನೋಡಿ ಮೂರೂವರೆ ಎಂದೆ. ಹಾಗಾದರೆ ಇನ್ನು ಮೂರು ತಾಸು ಎಂದಳು. ಊಟವೇ ಆಗಿಲ್ಲವಲ್ಲ ಎಂದು ಅವಳಿಗೂ ಅನ್ನಿಸಿರಬೇಕು. ಆದರೆ ರಾತ್ರಿ ಹತ್ತಕ್ಕೆ ಬಿಸಿಲು ಕಂಡವಳಿಗೆ ಮೂರೂವರೆಯವರೆಗೆ ಊಟವಿಲ್ಲ ಎನ್ನುವುದೇನೂ ದೊಡ್ಡದಾಗಿ ಕಾಣಲಿಲ್ಲ. ನಾನಾದರೂ ಯೋಚಿಸಬೇಡವೇ? ಹುಣ್ಣಿಮೆ, ಪಾಡ್ಯ, ಆರೂವರೆ ಇವನ್ನೆಲ್ಲ ಇಂಗ್ಲಿಷಿಗೆ ತರುವ ಕಷ್ಟ ಬೇಡವೆಂದು, ಇನ್ನು ಮೂರು ಗಂಟೆಯಲ್ಲಿ ಎಂದಷ್ಟೇ ಹೇಳಿದೆ. ಅನುವಾದ ಚುಟುಕಾಗಿರಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು. ಮಾರ್ಸೆಲ್ ಅಜ್ಜ ಪುಸ್ತಕ ತೆರೆದು ನೋಡಿದರು, ಮತ್ತೆ ಮುಚ್ಚಿದರು, ಏನೂ ಹೇಳಲಿಲ್ಲ.

ಮೂರು ತಾಸು ಬಿಟ್ಟು ನಲವತ್ತು ಜನರೂ ಬುಟ್ಟಿ, ಕೊಕ್ಕೆ ಹಿಡಿದು ದಂಡೆಗೆ ಹೋದೆವು. ಸಮುದ್ರ ಬಣ್ಣದ ಕೊಡೆಗಳ ಬುಡದವರೆಗೆ ತುಂಬಿ ನಿಂತಿತ್ತು. ಮಾದೇವಕ್ಕ ನೀರನ್ನು ನೋಡಿದಳು, ಆಕಾಶ ನೋಡಿದಳು, ಮತ್ತೆ ಗೆಣ್ಣು ಎಣಿಸಿದಳು. ಯಾರೂ ನಗಲಿಲ್ಲ. ಕ್ಲೇರ್ ಏನೋ ಒಳ್ಳೆಯ ಮಾತು ಹೇಳಿ ಎಲ್ಲರನ್ನೂ ಐಸ್ ಕ್ರೀಂ ತಿನ್ನಲು ಕರೆದುಕೊಂಡು ಹೋದಳು. ನಾನು ಮಾದೇವಕ್ಕನ ಹೆಗಲ ಮೇಲೆ ಕೈಯಿಟ್ಟು, ದೇಶ ಬೇರೆ, ಸಮುದ್ರ ಬೇರೆ, ಇದಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದು ಎಂದು ಸಮಾಧಾನ ಹೇಳಿದೆ. ನೆನೆಸಿಕೊಂಡರೆ ಆ ಕೈಯನ್ನು ಕತ್ತರಿಸಿ ಹಾಕಬೇಕು ಅನ್ನಿಸುತ್ತದೆ, ಗಡಿಯಾರವಿದ್ದದ್ದೂ ಅದೇ ಕೈಯಲ್ಲಿ.

ಕೋಣೆಗೆ ಬಂದವಳು ಕಿಟಕಿಗೆ ಬೆನ್ನು ಹಾಕಿ ಕುಳಿತಳು. ಚಾ ಬೇಡ ಅಂದಳು. ಸಂಜೆ ನಾನು ಮತ್ತೆ ಚಾ ಕೇಳಿದಾಗ ಹೇಳಿದಳು.

"ಆ ಅಜ್ಜಗೆ ಆಗ್ಲೇ ಗೊತ್ತಿತ್ತು. ನನ್ನ ಮರ್ಯಾದಿ ತೆಗೀಬಾರ್ದು ಅಂತ ಸುಮ್ನಿದ್ದ. ನಾಳೆ ನಾ ಮಾತಾಡೂದಿಲ್ಲ ಅಕ್ಕೋರೆ. ಊರಿಗೆ ಹೋದ್ಮೇಲೂ ಹೇಳೂದಿಲ್ಲ. ಸೊಸೆ ಮೊಬೈಲು ನೋಡ್ಕಂಡು ಹೇಳ್ತದೆ, ಎಲ್ಲರೂ ಅದನ್ನೇ ಕೇಳ್ಲಿ."

ನಾಳೆ ಭಾಷಣ ತಪ್ಪಿದರೆ ತಪ್ಪಲಿ. ಆದರೆ ಊರಿನಲ್ಲೂ ಹೇಳುವುದಿಲ್ಲ ಎಂದರೆ ಹೇಗೆ? ಆ ದಿಣ್ಣೆಯ ಮೇಲೆ ಮೂವತ್ತು ಹೆಂಗಸರು ನಿಲ್ಲುವುದು ಅವಳ ಬೆರಳಿನ ಭರವಸೆಯ ಮೇಲೆ. ಅತ್ತೆ ಕೊಟ್ಟ ಲೆಕ್ಕವನ್ನು ಒಂದೇ ಮಧ್ಯಾಹ್ನದಲ್ಲಿ ಅವಳು ಕೆಳಗಿಟ್ಟುಬಿಟ್ಟಿದ್ದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

ಸಮುದ್ರ ಇರಲಿಲ್ಲ. ಸುಳ್ಳಲ್ಲ, ಕಣ್ಣು ಹಾಯುವಷ್ಟು ದೂರ ಬರೀ ಮರಳು, ಅದರಾಚೆ ಎಲ್ಲೋ ಒಂದು ಬೆಳ್ಳಿಯ ಗೆರೆ. ಗಂಟೆ ನೋಡಿಕೊಂಡೆ, ಹತ್ತೂ ಮುಕ್ಕಾಲು. ಹತ್ತೂ ಮುಕ್ಕಾಲಿಗೆ ಇಷ್ಟು ಬಿಸಿಲೇ ಎಂದುಕೊಂಡೆ. ಆಗ ನೆನಪಾಯಿತು.

ಆದರೂ ತಕ್ಷಣ ಅರ್ಥವಾಯಿತು ಎಂದುಕೊಳ್ಳಬೇಡಿ. ಊರಿಗೂ ಇಲ್ಲಿಗೂ ಮೂರೂವರೆ ತಾಸು ವ್ಯತ್ಯಾಸ. ಅದನ್ನು ಕೂಡಬೇಕೋ ಕಳೆಯಬೇಕೋ ಎಂದು ಹೋಟೆಲಿನ ಕಾಗದದ ಮೇಲೆ ಮೂರು ಸಲ ಬರೆದೆ. ಎರಡು ಸಲ ಬೇರೆ ಬೇರೆ ಉತ್ತರ ಬಂತು. ಕಡೆಗೆ ಚೀಲದಿಂದ ಮೊಬೈಲು ತೆಗೆದು ನೋಡಿದರೆ ಏಳೂ ಕಾಲು. ಅಂದರೆ ನಾನು ಮೂರೂವರೆ ಎಂದಾಗ ಫ್ರಾನ್ಸಿನಲ್ಲಿ ಮಧ್ಯಾಹ್ನದ ಹನ್ನೆರಡು, ನಾವು ದಂಡೆಗೆ ಹೋದದ್ದು ಮೂರು ಗಂಟೆಗೆ. ಮಾದೇವಕ್ಕ ಹೇಳಿದ ಆರೂವರೆಗೂ ಫ್ರಾನ್ಸಿನ ಸಮುದ್ರಕ್ಕೂ ಇದ್ದ ಅಂತರ ಬರೀ ಮುಕ್ಕಾಲು ತಾಸು. ಜನ್ಮದಲ್ಲಿ ನೋಡದ ಕಡಲಿನ ಬಗ್ಗೆ, ಪರದೆ ಎಳೆದ ಕೋಣೆಯಲ್ಲಿ ಕೂತು, ಬೆರಳಿನ ಮೇಲೆ ಅಷ್ಟು ಹತ್ತಿರ ಹೇಳಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಅವಳು ಸರಿಯಾಗಿಯೇ ಕುಣಿದಿದ್ದಳು, ನೆಲ ಡೊಂಕು ಮಾಡಿದವಳು ನಾನು.

ಹೇಳಿಬಿಡಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಅಕ್ಕೋರು ಎನಿಸಿಕೊಂಡವರ ರೋಗ ಇದು. ಒಮ್ಮೆ ಬೋರ್ಡಿನ ಮೇಲೆ ನಾನು ತಪ್ಪು ಬರೆದಾಗ, ಭಟ್ಕಳದ ಹತ್ತಿರದ ತೆಂಗಿನಗುಂಡಿಯಿಂದ ಬಂದು ಅಜ್ಜಿಮನೆಯಲ್ಲಿದ್ದು ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದ್ದಳು. ನೀವು ಗಮನಿಸುತ್ತೀರೋ ಇಲ್ಲವೋ ಎಂದು ಪರೀಕ್ಷೆ ಮಾಡಿದೆ ಅಂದೆ. ಅವಳು ನಂಬಿ, ಖುಷಿಯಿಂದ ಕೂತಳು. ಆ ಖುಷಿ ಈಗಲೂ ನನ್ನನ್ನು ಚುಚ್ಚುತ್ತದೆ. ಈ ಸಲವೂ ಏನಾದರೂ ಒಂದು ನೆಪ ಸಿಗಬಹುದೆಂದು ಕಾದೆ, ಸಿಗಲಿಲ್ಲ. ಮಾದೇವಕ್ಕನನ್ನು ಬಲವಂತದಿಂದ ಎಬ್ಬಿಸಿ ದಂಡೆಗೆ ಕರೆದುಕೊಂಡು ಹೋದೆ.

ಬರಿದಾದ ಮರಳನ್ನು ಕಂಡು ಅವಳು ಹಲಗೆಯ ಮೇಲೆಯೇ ನಿಂತುಬಿಟ್ಟಳು. ಆಮೇಲೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಇಳಿದಳು. ನಾನು ಬೂಟಿನಲ್ಲೇ ಹಿಂದೆ ಹಿಂದೆ ನಡೆದೆ. ತುಂಬ ದೂರ ಹೋದ ಮೇಲೆ, ಒದ್ದೆ ಮರಳಿನಲ್ಲಿ ಅವಳ ಹೆಬ್ಬೆರಳು ತಡೆಯಿತು. ಬಗ್ಗಿ ಒಂದು ಚಿಪ್ಪಿ ತೆಗೆದು, ಇದು ನಮ್ಮ ಬಳಚಿನ ದಾಯಾದಿ, ಮೈಮೇಲೆ ಗೆರೆ ಹೆಚ್ಚು ಎಂದು ತೋರಿಸಿದಳು. ಎಳೆಯದು ಎಂದು ವಾಪಸು ಹೂತಳು. ಅವಳು ಬಗ್ಗಿಕೊಂಡಿರುವಾಗಲೇ, ಮುಖ ಕಾಣದ ಧೈರ್ಯದಲ್ಲಿ, ನಾನು ಗಡಿಯಾರದ ವಿಷಯ ಪೂರ್ತಿ ಹೇಳಿದೆ. ತಪ್ಪಾಯಿತು ಎಂದೆ. ನಾಳೆ ಸಭೆಯಲ್ಲಿ ಎಲ್ಲರೆದುರು ಇದನ್ನೇ ಹೇಳುತ್ತೇನೆ ಎಂದೂ ಹೇಳಿದೆ.

ಅವಳು ನೆಟ್ಟಗೆ ನಿಂತು ನನ್ನ ಮಣಿಕಟ್ಟು ಹಿಡಿದು ಗಡಿಯಾರವನ್ನು ನೋಡಿದಳು. ಸಿಟ್ಟು ಬಂತೋ, ನಗು ಬಂತೋ ತಿಳಿಯಲಿಲ್ಲ.

"ಹಂಗಾರೆ ನೀರು ತಪ್ಪಲಿಲ್ಲ" ಎಂದಳು. ಸ್ವಲ್ಪ ದೂರ ನಡೆದು ಮತ್ತೆ ತಿರುಗಿದಳು. "ನಾಳೆ ನೀವು ಎಂತದೂ ಹೇಳೂದು ಬೇಡ. ನನ್ನ ಮಾತು ಹೋಗೂದು ನಿಮ್ಮ ಬಾಯಿಂದ. ಈ ಅಕ್ಕೋರಿಗೆ ಗಂಟೆ ನೋಡ್ಲಿಕ್ಕೇ ಬರೂದಿಲ್ಲ ಅಂತ ಗೊತ್ತಾದ್ರೆ ನಾ ಹೇಳಿದ್ದನ್ನ ಯಾರು ನಂಬ್ತ್ರು?"

ನಿಜ ಹೇಳಿದರೆ ಅವಳ ಲೆಕ್ಕ ಉಳಿಯುತ್ತದೆ, ಮಾತು ಹೋಗುತ್ತದೆ. ಹೇಳದಿದ್ದರೆ ಮಾತು ಉಳಿಯುತ್ತದೆ, ಲೆಕ್ಕಕ್ಕೆ ಕಳಂಕ. ಯಾವುದು ದೊಡ್ಡದು ಎಂದು ನಾನು ಯೋಚಿಸುತ್ತಿರುವಾಗ ಅವಳು ಇನ್ನೂ ಆರು ಚಿಪ್ಪಿ ತೆಗೆದು ನೋಡಿ ಮುಗಿಸಿದ್ದಳು.

ಮರುದಿನ ಮಾದೇವಕ್ಕ ಎದ್ದು ನಿಂತು ಮೊದಲ ಮಾತಿಗೇ, ನಿನ್ನೆ ತಪ್ಪಿದ್ದು ನನ್ನದೇ, ಹೊಸ ಊರಿನಲ್ಲಿ ಹೊತ್ತು ಹಿಡಿಯಲು ಬರಲಿಲ್ಲ ಎಂದಳು. ನಾನು ಅದನ್ನು ಇಂಗ್ಲಿಷ್ ಮಾಡಿದೆ. ಕ್ಲೇರ್ ಫ್ರೆಂಚ್ ಮಾಡಿದಳು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಕಳ್ಳನಂತೆ ನನ್ನ ಕೈ ತಾನಾಗಿಯೇ ಹೆಗಲು ಮುಟ್ಟಿಕೊಂ‌ಡಿತು. ಆಮೇಲೆ ಅವಳು ಅತ್ತೆಯ ತಂಗಿಯ ಕತೆ ಹೇಳಿದಳು, ತಿಥಿಯ ಲೆಕ್ಕ ಹೇಳಿದಳು, ಎಳೆಯ ಬಳಚನ್ನು ಏಕೆ ಮುಟ್ಟಬಾರದು ಎಂದು ಹೇಳಿದಳು. ಈ ಸಲ ನಾನು ಒಂದು ಅಕ್ಷರವನ್ನೂ ಚುಟುಕು ಮಾಡಲಿಲ್ಲ.

ಮುಗಿದ ಮೇಲೆ ಮಾರ್ಸೆಲ್ ಅಜ್ಜ ಎದ್ದು, ಪುಸ್ತಕವನ್ನು ಜೇಬಿನಲ್ಲೇ ಬಿಟ್ಟು, ಹಾಗಾದರೆ ಇವತ್ತು ಯಾವಾಗ ಎಂದು ಕೇಳಿದರು. ಕೇಳುವಾಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾದೇವಕ್ಕ ಬಿದಿಗೆಯ ಗೆಣ್ಣಿನವರೆಗೆ ಎಣಿಸಿದಳು, ಆ ಊರಿನ ಮುಕ್ಕಾಲು ತಾಸನ್ನೂ ಸೇರಿಸಿದಳು. ನಾನು ಬೆಳಿಗ್ಗೆಯೇ ಸರಿ ಮಾಡಿಟ್ಟುಕೊಂಡಿದ್ದ ಗಡಿಯಾರದ ಕೈ ಮುಂದೆ ಚಾಚಿದೆ. ಅವಳು ಅದನ್ನು ನೋಡಲಿಲ್ಲ. ವೇದಿಕೆ ಇಳಿದು ನೇರ ಮಾರ್ಸೆಲ್ ಅಜ್ಜನ ಹತ್ತಿರ ಹೋಗಿ, ಅವರ ಅಂಗಿಯ ತೋಳನ್ನು ಮೇಲೆ ಸರಿಸಿ, ಅವರ ಕೈಯ ಗಡಿಯಾರವನ್ನು ಕಣ್ಣು ಕಿರಿದು ಮಾಡಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳಿ ಅಕ್ಕೋರೆ, ಇನ್ನು ಒಂಬತ್ತು ತಾಸು. ಗಂಟೆ ನಾನೇ ನೋಡ್ಕಂಡೆ."

ಮೊದಲನೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎರಡನೆಯದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.